ಪಕ್ಕಕ್ಕೆ ಕರೆದು ಹೇಳುವವರು

ಬೈಬಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದ 18ನೇ ಅಧ್ಯಾಯದ ಅಪೊಲ್ಲೋಸ ನನಗೆ ತುಂಬಾ ಇಷ್ಟ. ಅಲೆಕ್ಸಾಂದ್ರಿಯದವನು, ಒಳ್ಳೆ ಮಾತುಗಾರ, ಶಾಸ್ತ್ರ ಚೆನ್ನಾಗಿ ಬಲ್ಲವನು. ಎಫೆಸದ ಸಭಾಮಂದಿರದಲ್ಲಿ ಧೈರ್ಯವಾಗಿ ಬೋಧಿಸುತ್ತಿದ್ದ. ಆದರೆ ಅವನಿಗೆ ಗೊತ್ತಿದ್ದದ್ದು ಯೋಹಾನನ ದೀಕ್ಷಾಸ್ನಾನ ಮಾತ್ರ, ಅಂದರೆ ಯೇಸುವಿಗೆ ಮುಂಚೆ ಬಂದ ಯೋಹಾನ ಪಶ್ಚಾತ್ತಾಪಕ್ಕಾಗಿ ಕೊಡುತ್ತಿದ್ದದ್ದು. ಅದನ್ನು ಕೇಳಿದ ಪ್ರಿಸ್ಕಿಲ್ಲ, ಅಕ್ವಿಲ ಎಲ್ಲರ ಮುಂದೆ ಅವನ ಮರ್ಯಾದೆ ತೆಗೆಯಲಿಲ್ಲ, ಜೊತೆಗೆ ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಸರಿಯಾಗಿ ವಿವರಿಸಿದರು. ನೋಡಿ, ಡೇರೆ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ ಅಷ್ಟು ದೊಡ್ಡ ಮಾತುಗಾರನಿಗೆ ಪಾಠ ಹೇಳಿದ್ದು! ಆಮೇಲೆ ಅವನು ಗ್ರೀಸಿನ ಅಖಾಯ ಪ್ರಾಂತ್ಯಕ್ಕೆ ಹೋಗಿ ಅಲ್ಲಿನ ವಿಶ್ವಾಸಿಗಳಿಗೆ ಎಷ್ಟೋ ಸಹಾಯವಾದ.

ಈಗ ಹೇಗೆ? ಯಾರಾದರೂ ಚರ್ಚಿನ ಪ್ರಸಂಗದಲ್ಲಿ ಎಡವಿದರೆ ಸಂಜೆಯೊಳಗೆ ಆ ತುಣುಕು ಹತ್ತು ಗ್ರೂಪ್ ಸುತ್ತಿ ಬಂದಿರುತ್ತದೆ, ಕೆಳಗೆ ನಗುವ ಇಮೋಜಿ ಬೇರೆ. ಫೋನ್ ಮಾಡಿ ಮಾತಾಡಿದವರು ಯಾರೂ ಇರಲ್ಲ.

ಹಾಗಂತ ತಪ್ಪು ಬೋಧನೆಯನ್ನು ಸುಮ್ನೆ ಬಿಡಬೇಕು ಅಂತಲ್ಲ. ಅಂತಿಯೋಕ್ಯದಲ್ಲಿ ಅಪೊಸ್ತಲ ಪೇತ್ರ ಯೆಹೂದ್ಯರಲ್ಲದ ವಿಶ್ವಾಸಿಗಳ ಜೊತೆ ಊಟ ಮಾಡುವುದನ್ನು ಬಿಟ್ಟ; ಅವನ ಈ ನಡತೆ ನೋಡಿ ಬೇರೆಯವರೂ ದಾರಿ ತಪ್ಪುತ್ತಿದ್ದಾಗ ಅಪೊಸ್ತಲ ಪೌಲ ಎಲ್ಲರೆದುರೇ ಕೇಳಿದ. ಅದಕ್ಕೂ ಜಾಗ ಇದೆ.

ಇನ್ನೊಂದು ವಿಷಯ. ಯಾಕೋಬನ ಪತ್ರಿಕೆಯ 3ನೇ ಅಧ್ಯಾಯದಲ್ಲಿ ನಾಲಿಗೆಯನ್ನು ಬೆಂಕಿ ಅಂದಿದ್ದಾನಲ್ಲ, ನಾವು ಅದನ್ನು ಚಾಡಿ ಹೇಳುವವರಿಗೇ ಮೀಸಲಿಟ್ಟುಬಿಟ್ಟಿದ್ದೇವೆ. ಆದರೆ ಆ ಅಧ್ಯಾಯ ಶುರುವಾಗುವುದೇ ಬೋಧಕರಿಂದ. ಬೋಧಿಸುವವರಿಗೆ ತೀರ್ಪು ಜಾಸ್ತಿ ಕಠಿಣ ಅಂತ ಹೇಳಿಯೇ ಅವನು ಬೆಂಕಿಯ ಮಾತಿಗೆ ಬರುವುದು. ಮೈಕ್ ಹಿಡಿದವರು ಇದನ್ನು ಎಷ್ಟು ಸಲ ಪ್ರಸಂಗ ಮಾಡಿದ್ದಾರೆ, ನೀವೇ ಹೇಳಿ.