ಬಿರುಕು ಬಿಟ್ಟ ವೀಣೆಯೂ ರುಕರ್ಸ್ ಮನೆತನದ ಹಲಗೆಯೂ

ಬೆಲ್ಜಿಯಮ್ಮಿನ ಆಂಟ್ವರ್ಪಿಗೆ ಬಂದ ಮೊದಲ ಚಳಿಗಾಲದಲ್ಲಿ, ಊರಿನಿಂದ ಜೋಪಾನವಾಗಿ ತಂದಿದ್ದ ನನ್ನ ವೀಣೆ ಹೀಟರಿನ ಒಣ ಗಾಳಿಗೆ ಸಿಕ್ಕಿ, ಒಂದು ಬೆಳಿಗ್ಗೆ ನೋಡುವಷ್ಟರಲ್ಲಿ ಕೊಡದ ಮೇಲಿನ ಹಲಗೆ ಗೆರೆ ಎಳೆದಂತೆ ಬಿರಿದಿತ್ತು. ವೀಣೆ ರಿಪೇರಿ ಮಾಡುವವರು ಇಲ್ಲಿ ಯಾರು ಸಿಕ್ಕಾರು? ಪರಿಚಿತರೊಬ್ಬರು ಪಿಯಾನೋವನ್ನು ಹೋಲುವ ಹಾರ್ಪ್ಸಿಕಾರ್ಡ್ ಎಂಬ ವಾದ್ಯವನ್ನು ಹಳೆಯ ಮಾದರಿಯಲ್ಲಿ ತಯಾರಿಸುವ ಹಿರಿಯರೊಬ್ಬರ ಬಳಿಗೆ ಕಳಿಸಿದರು. ಅವರು ಬಿರುಕನ್ನು ನೋಡುವ ಮೊದಲು ವಾದ್ಯವನ್ನು ನುಡಿಸುವುದು ಹೇಗೆಂದು ಕೇಳಿದರು. ತಂತಿಯನ್ನು ಮೀಟಿ ತೋರಿಸಿದೆ. ಹಾಗಾದರೆ ಇದು ನಮ್ಮ ವಾದ್ಯದ ನೆಂಟ ಎಂದು ನಕ್ಕರು.

ಪಿಯಾನೋದಲ್ಲಿ ಪುಟ್ಟ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟಲಾಗುತ್ತದೆ. ಬೆರಳು ಮಣೆಯನ್ನು, ಅಂದರೆ ಕೀಲಿಯನ್ನು, ಒತ್ತಿದಾಗ ಅದರ ಹಿಂತುದಿಯ ಮೇಲೆ ನಿಂತಿರುವ, ಜ್ಯಾಕ್ ಎಂಬ ಮರದ ಪಟ್ಟಿ ಮೇಲೇಳುತ್ತದೆ, ಅದರಲ್ಲಿ ಸಿಕ್ಕಿಸಿರುವ ಹಕ್ಕಿಯ ಗರಿಯ ದಂಟು ತಂತಿಯನ್ನು ಮೀಟುತ್ತದೆ, ಇಳಿಯುವಾಗ ಗರಿಯನ್ನು ಹಿಡಿದ ಸಣ್ಣ ನಾಲಿಗೆ ಹಿಂದಕ್ಕೆ ಸರಿದು ತಂತಿಯನ್ನು ಸದ್ದಿಲ್ಲದೆ ದಾಟುತ್ತದೆ. ನಾಲಿಗೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸುವ ಸ್ಪ್ರಿಂಗು ಹಂದಿಯ ಬಿರುಗೂದಲು. ಇಂದು ಅನೇಕರು ಗರಿಗೆ ಬದಲಾಗಿ ಡೆಲ್ರಿನ್ ಎಂಬ ಪ್ಲಾಸ್ಟಿಕ್ಕನ್ನು ಬಳಸುತ್ತಾರೆ. ಈ ಹಿರಿಯರ ಮೇಜಿನ ಮೇಲೆ ಮಾತ್ರ ಕಾಗೆಯ ಗರಿಗಳ ಕಟ್ಟೊಂದಿತ್ತು. ಒಂದೊಂದನ್ನೂ ಚಾಕುವಿನಿಂದ ಕೂದಲೆಳೆಯಷ್ಟು ಹೆರೆದು, ಕಿವಿಗೊಟ್ಟು, ಮತ್ತೆ ಹೆರೆಯುತ್ತಿದ್ದರು.

ಅವರು ತಮ್ಮ ಗುರುವೆಂದು ಭಾವಿಸುವುದು ನಾಲ್ಕು ಶತಮಾನಗಳ ಹಿಂದೆ ಇದೇ ಊರಿನಲ್ಲಿದ್ದ ಹಾರ್ಪ್ಸಿಕಾರ್ಡ್ ತಯಾರಕ ಹಾನ್ಸ್ ರುಕರ್ಸರನ್ನು. ಮೆಖೆಲೆನ್ ಮೂಲದ ಹಾನ್ಸ್ 1575ರಲ್ಲಿ ಆಂಟ್ವರ್ಪಿನಲ್ಲಿ ಮದುವೆಯಾದರು, 1579ರಲ್ಲಿ ಸಂತ ಲ್ಯೂಕನ ಗಿಲ್ಡಿಗೆ ಸೇರಿದರು. ಅದು ಮೂಲತಃ ಚಿತ್ರಕಾರರ ಸಂಘ. ಮುಂದೆ ರೂಬೆನ್ಸ್ ಕೂಡ ಅದೇ ಸಂಘದವನು. ಕಾಲವಂತೂ ಒಳ್ಳೆಯದಾಗಿರಲಿಲ್ಲ. 1576ರಲ್ಲಿ ಸ್ಪೇನಿನ ಸೈನಿಕರು ಊರನ್ನು ಸೂರೆ ಮಾಡಿದ್ದರು, 1585ರಲ್ಲಿ ನಗರ ಶರಣಾದಾಗ ಸಾವಿರಾರು ಕುಟುಂಬಗಳು ಉತ್ತರಕ್ಕೆ ವಲಸೆ ಹೋದವು. ರುಕರ್ಸರ ಕಾರ್ಯಾಗಾರ ಉಳಿಯಿತು. 1598ರಲ್ಲಿ ಹಾನ್ಸ್ ತೀರಿಕೊಂಡ ಮೇಲೆ ಮಕ್ಕಳಾದ ಯೋಹಾನ್ನೆಸ್ ಮತ್ತು ಆಂಡ್ರಿಯಾಸ್, ಅನಂತರ ಮೊಮ್ಮಗ ಯೋಹಾನ್ನೆಸ್ ಕುಶೆ ಆ ಕಸುಬನ್ನು ನಡೆಸಿದರು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಅವರ ನಾದದ ಹಲಗೆ, ಅಂದರೆ ತಂತಿಗಳ ಕೆಳಗಿದ್ದು ಅವುಗಳ ನಾದವನ್ನು ಹಿಗ್ಗಿಸುವ ಹಲಗೆ. ಸ್ಪ್ರೂಸ್ ಮರದ ಆ ಹಲಗೆಯ ದಪ್ಪ ಕೆಲವೇ ಮಿಲಿಮೀಟರು, ಅದೂ ಎಲ್ಲೆಡೆ ಒಂದೇ ಸಮನಲ್ಲ. ಅದರ ಮೇಲೆ ಹೂವು, ಹಕ್ಕಿ, ಹುಳು, ಸೀಗಡಿಗಳನ್ನು ಬಣ್ಣದಲ್ಲಿ ಬರೆದು, ಅಂಚಿಗೆ ನೀಲಿ ಬಳ್ಳಿಯನ್ನು ಹರಿಸುತ್ತಿದ್ದರು. ನಡುವಿನ ರಂಧ್ರದಲ್ಲಿ ಲೋಹದ ಎರಕದ, ಚಿನ್ನದ ಲೇಪದ ಒಂದು ಹೂಬಿಲ್ಲೆ: ಹಾರ್ಪ್ ಎಂಬ ತಂತಿವಾದ್ಯ ಹಿಡಿದ ದೇವದೂತ, ಅವನ ಎರಡು ಬದಿಗೆ ತಯಾರಕರ ಹೆಸರಿನ ಮೊದಲಕ್ಷರಗಳು. ಪೆಟ್ಟಿಗೆಯ ಕೆಲಸ ಮಾತ್ರ ಬೇರೆಯೇ ರೀತಿ. ಅಗ್ಗದ ಪಾಪ್ಲರ್ ಮರ, ಅದಕ್ಕೆ ಅಂಟಿಸಿದ ಅಚ್ಚಿನ ಕಾಗದ, ಮುಚ್ಚಳದೊಳಗೆ ಲ್ಯಾಟಿನ್ ಸೂಕ್ತಿ. ದುಡ್ಡು ಎಲ್ಲಿ ಸುರಿಯಬೇಕು, ಎಲ್ಲಿ ಉಳಿಸಬೇಕು ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತೆಂದು ನನಗನ್ನಿಸುತ್ತದೆ.

ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಈ ವಾದ್ಯಗಳಿಗೆ ಎಷ್ಟು ಬೆಲೆ ಬಂತೆಂದರೆ, ಅಲ್ಲಿನ ಬ್ಲಾಂಶೆ, ತಾಸ್ಕಾಂ ಮೊದಲಾದ ತಯಾರಕರು ಹಳೆಯ ರುಕರ್ಸನ್ನು ಬಿಚ್ಚಿ, ಹೊಸ ಸಂಗೀತಕ್ಕೆ ಬೇಕಾದ ಹೆಚ್ಚಿನ ಮಣೆಗಳು ಹಿಡಿಸುವಂತೆ ಪೆಟ್ಟಿಗೆಯನ್ನು ಅಗಲಿಸಿ, ಹಲಗೆಗೆ ತುಂಡು ಸೇರಿಸಿ, ಹೊರಗೆ ಹೊಸ ಬಣ್ಣ ಬಳಿದು ಮಾರಿದರು. ಮೂಲದ ಹಲಗೆ, ಹೂಬಿಲ್ಲೆಗಳ ಹೊರತು ಹೆಚ್ಚೇನೂ ಉಳಿಯದಿದ್ದರೂ ಅದು ರುಕರ್ಸೇ. ಆ ಹೆಸರಿನ ಆಸೆಗೆ ಹುಸಿ ರುಕರ್ಸುಗಳೂ ಹುಟ್ಟಿಕೊಂಡವು. ಕಣ್ಣು ತಪ್ಪಿಸಿಕೊಂಡವೂ ಇವೆ: 1581ರಲ್ಲಿ ಹಾನ್ಸ್ ತಯಾರಿಸಿದ, ಒಡಲೊಳಗೆ ಚಿಕ್ಕ ವಾದ್ಯವೊಂದನ್ನು ಇಟ್ಟುಕೊಂಡ, ತಾಯಿ ಮಗು ಎಂದು ಕರೆಯುವ ಬಗೆಯ ವರ್ಜಿನಲ್ (ಹಾರ್ಪ್ಸಿಕಾರ್ಡಿನ ಚಿಕ್ಕ ಬಂಧು) ಒಂದು ಪೆರುವಿನ ಕುಸ್ಕೋ ಬಳಿ ಸಿಕ್ಕಿ, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿದೆ.

ಊರಿನ ಹಳೆಯ ಕಸಾಯಿಗಳ ಸಭಾಭವನವಾದ ಫ್ಲೇಸ್‌ಹೌಸಿನಲ್ಲಿ ರುಕರ್ಸ್ ವಾದ್ಯಗಳನ್ನು ನೋಡಲು ಹೋದಾಗ ನಾನು ಹೂಗಳಿಗಿಂತ ಮೊದಲು ಬಿರುಕುಗಳನ್ನೇ ಹುಡುಕಿದೆ. ಹಳೆಯ ಹಲಗೆ ಬಿರಿದ ಕಡೆ ಅದೇ ಮರದ ತೆಳು ಸೀಳನ್ನು ಬೆಣೆಯಂತೆ ಕೂರಿಸಿ, ಅಂಟು ಹಾಕಿ, ಸಮತಟ್ಟಾಗಿ ಹೆರೆಯುವುದು ಈ ಕಸುಬಿನವರ ರೂಢಿ ಎಂದು ಹಿರಿಯರು ಆಗಲೇ ಹೇಳಿದ್ದರು.

ನನ್ನ ವೀಣೆಗೂ ಅದೇ ಚಿಕಿತ್ಸೆ ನಡೆಯಿತು. ಅದು ಯಾವ ಮರವೆಂದು ಕೇಳಿದರು, ಹಲಸು ಎಂದೆ. ಹಲಸಿನ ಮರವನ್ನು ಅವರು ಕಂಡಿರಲಿಲ್ಲ, ಅಂಗಡಿಗಳಲ್ಲೂ ಸಿಗಲಿಲ್ಲ. ಕೊನೆಗೆ ಜ್ಯಾಕುಗಳಿಗೆಂದು ಇಟ್ಟುಕೊಂಡಿದ್ದ ಪಿಯರ್ ಮರದಿಂದ ಒಂದು ಸೀಳು ತೆಗೆದು ಕೂರಿಸಿದರು. ಹಳದಿ ಹಲಸಿನ ನಡುವೆ ಆ ಕೆಂಬಣ್ಣದ ಎಳೆ ಇಂದಿಗೂ ಎದ್ದು ಕಾಣುತ್ತದೆ. ಬಣ್ಣ ಹಾಕಿ ಮರೆಸಲೇ ಎಂದು ಅವರು ಕೇಳಿದಾಗ ನಾನು ಬೇಡವೆಂದೆ.