ಹಂಚಿನ ಮಾಡು ಬಿಚ್ಚಬೇಕಾ, ಬೇಡವಾ?

ಮಳೆಗಾಲದಲ್ಲಿ ಮನೆ ಸೋರಿತೆಂದರೆ ನಮ್ಮ ಕಡೆ ಸಿಗುವ ಸಲಹೆ ಒಂದೇ. "ಈ ಹಂಚೆಲ್ಲ ತೆಗೆದು ಶೀಟ್ ಹಾಕಿಸಿ ಮಾರಾಯ್ರೆ, ತಲೆನೋವೇ ಇಲ್ಲ." ಹೇಳುವವರಿಗೇನು, ದುಡ್ಡು ಹಾಕುವವರು ನಾವಲ್ವಾ? ನಿಜ ಹೇಳಬೇಕೆಂದರೆ ಸೋರುವುದಕ್ಕೂ ಮಾಡು, ಅಂದರೆ ಮನೆಯ ಚಾವಣಿ, ಹಾಳಾಗುವುದಕ್ಕೂ ಅಂಥ ನೇರ ಸಂಬಂಧ ಇಲ್ಲ. ನಾಲ್ಕು ಕಡೆ ಸೋರುವ ಮಾಡು ಗಟ್ಟಿಯಾಗಿಯೇ ಇರಬಹುದು, ಒಂದು ಹನಿಯೂ ಸೋರದ ಮಾಡಿನ ಪಕಾಸು (ನೆತ್ತಿಯಿಂದ ಗೋಡೆಯ ಕಡೆಗೆ ಇಳಿಜಾರಾಗಿ ಬರುವ ಮರ) ಒಳಗೊಳಗೇ ಟೊಳ್ಳಾಗಿರಬಹುದು.

ನಾನು ಹೇಳುತ್ತಿರುವುದು ಕರಾವಳಿಯ ಮಂಗಳೂರು ಹಂಚಿನ ಮನೆಗಳ ಮಾತು. 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಇಲ್ಲಿ ಸುಮಾರು ಕಾರ್ಖಾನೆಗಳು ಬಂದವು. ನೂರು ವರ್ಷ ದಾಟಿದ, ಬೆನ್ನ ಮೇಲೆ ಕಾರ್ಖಾನೆಯ ಹೆಸರು ಅಚ್ಚಾದ ಹಂಚುಗಳು ಈಗಲೂ ಎಷ್ಟೋ ಮನೆಗಳ ಮೇಲೆ ಕೂತಿವೆ. ಚೆನ್ನಾಗಿ ಸುಟ್ಟ ಮಣ್ಣು ಅಷ್ಟು ಬೇಗ ಹಾಳಾಗುವುದಿಲ್ಲ. ಹಾಳಾಗುವುದು ಅದನ್ನು ಹೊತ್ತ ಮರ.

ಹಾಗಾಗಿ ಏಣಿ ಹತ್ತುವ ಮೊದಲು ಅಂಗಳದ ತುದಿಗೆ ಹೋಗಿ ನಿಂತು ಮನೆಯನ್ನು ದೂರದಿಂದ ನೋಡಿ. ಮಾಡಿನ ನೆತ್ತಿಯ ಗೆರೆ ನೇರವಾಗಿದೆಯಾ? ನಡುವೆ ಹಳೇ ಹಗ್ಗದ ಮಂಚದ ಹಾಗೆ ಜೋತಿದ್ದರೆ ಅಲ್ಲಿನ ದೊಡ್ಡ ಮರವೇ ಸೋತಿದೆ ಎಂದು ಲೆಕ್ಕ. ಇದು ಸಣ್ಣ ರಿಪೇರಿಗೆ ಬಗ್ಗುವ ವಿಷಯ ಅಲ್ಲ. ನೆತ್ತಿ ನೇರವಾಗಿದ್ದು ಹಂಚಿನ ಸಾಲು ಮಾತ್ರ ಅಲ್ಲಲ್ಲಿ ಅಲೆಅಲೆಯಾಗಿ ಕಂಡರೆ ಸಾಮಾನ್ಯವಾಗಿ ರೀಪು, ಅಂದರೆ ಹಂಚು ಕೂರಿಸಲು ಪಕಾಸಿನ ಮೇಲೆ ಅಡ್ಡಲಾಗಿ ಹೊಡೆದ ಪಟ್ಟಿ, ಬಗ್ಗಿರುತ್ತದೆ. ರೀಪು ಬಗ್ಗಿದರೆ ಒಂದು ಹಂಚು ಇನ್ನೊಂದರೊಳಗೆ ಕೂರುವ ಕಚ್ಚು ಬಿಟ್ಟುಕೊಳ್ಳುತ್ತದೆ, ಅಲ್ಲಿಂದ ನೀರು. ಇಂಥಲ್ಲಿ ಪ್ರತಿ ವರ್ಷ ಹಂಚು ಕೈಯಾಡಿಸಿದರೂ ಪ್ರತಿ ವರ್ಷ ಸೋರುತ್ತದೆ. ಆದರೆ ರೀಪು ಬದಲಿಸುವುದು ದೊಡ್ಡ ಖರ್ಚೇನಲ್ಲ, ಪಕಾಸು ಗಟ್ಟಿ ಇದ್ದರೆ ಅಷ್ಟೇ ಸಾಕು.

ಪಕಾಸು ಗಟ್ಟಿ ಇದೆಯಾ ಎಂದು ನೋಡಲು ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ಹಿಡಿದುಕೊಂಡು ಅಟ್ಟ ಹತ್ತಿ. ಪಕಾಸು ಗೋಡೆಯ ಮೇಲೆ ಕೂರುವ ಜಾಗ ಇದೆಯಲ್ಲ, ಮೊದಲು ಅಲ್ಲಿಗೆ ಹೋಗಿ, ಯಾಕೆಂದರೆ ಮಣ್ಣಿನ ಗೋಡೆ ಹಿಡಿದು ಮೇಲೆ ಬರುವ ಒರಲೆ (ಗೆದ್ದಲು) ಮರಕ್ಕೆ ಬಾಯಿ ಹಾಕುವುದು ಅಲ್ಲೇ, ಮತ್ತು ಮನೆಯಲ್ಲಿ ಯಾರೂ ತಲೆ ಎತ್ತಿ ನೋಡದ ಜಾಗವೂ ಅದೇ. ಮಣ್ಣಿನ ಗೆರೆ ಕಂಡರೆ ಕೆರೆದು ಸ್ಕ್ರೂಡ್ರೈವರ್ ಚುಚ್ಚಿ. ಮೇಲುಮೇಲೆ ಕಚ್ಚಿ ನಿಂತರೆ ಮರ ಬದುಕಿದೆ. ಸುಲಭವಾಗಿ ಒಳಗೆ ಇಳಿದರೆ ಕಥೆ ಮುಗಿದಿದೆ, ಹೊರಗಿನಿಂದ ಎಷ್ಟೇ ಚೆಂದ ಪಾಲಿಶ್ ಇರಲಿ.

ಹುಳ ಕೊರೆದ ತೂತು ಕಂಡ ಕೂಡಲೇ ಹೆದರಬೇಕಿಲ್ಲ, ಅದು ಹಳೇದೂ ಆಗಿರಬಹುದು. ಕೆಳಗೆ ಗುಡಿಸಿ ಒಂದು ಪೇಪರ್ ಹಾಸಿಡಿ. ಮತ್ತೆ ಹುಡಿ ಬಿದ್ದರೆ ಹುಳ ಒಳಗೇ ಇದೆ. ಒಲೆಯ ಹೊಗೆ ತಿಂದು ಕಪ್ಪಾದ ಅಡಿಗೆಮನೆಯ ಮಾಡಿನಲ್ಲಿ ಈ ಕಾಟ ಕಡಿಮೆ. ಗ್ಯಾಸ್ ಬಂತು, ಮಸಿ ಹೋಯಿತು, ಹುಳಕ್ಕೆ ಆರಾಮ ಆಯಿತು!

ಸೂರಿನ ಕಡೆ ಪಕಾಸಿನ ತುದಿ ಕೊಳೆತು ಕುಂಬಾಗಿರುವುದು ತುಂಬಾ ಸಾಮಾನ್ಯ. ಮಳೆ ನೀರು ಹೊಡೆಯುವುದೇ ಅಲ್ಲಿಗೆ. ತುದಿ ಮಾತ್ರ ಹೋಗಿದ್ದರೆ ಕತ್ತರಿಸಿ ಬೇರೆ ತುಂಡು ಜೋಡಿಸುತ್ತಾರೆ, ಒಳ್ಳೆ ಆಚಾರಿ ಸಿಗಬೇಕು ಅಷ್ಟೇ. ಅದಕ್ಕಾಗಿ ಇಡೀ ಮಾಡು ಬಿಚ್ಚಿಸುವವರ ಮಾತು ಕೇಳಬೇಡಿ.

ಇನ್ನು ಹಂಚು. ಕೆಳಗಿಳಿಸಿ ಬೆರಳಿನ ಗಂಟಿನಿಂದ ತಟ್ಟಿ. ಟಣ್ ಎಂದರೆ ಒಳ್ಳೆಯದು, ದಬ್ ಎಂದರೆ ಬಿರುಕು ಬಿಟ್ಟಿದೆ ಅಥವಾ ಸರಿಯಾಗಿ ಸುಟ್ಟಿಲ್ಲ. ಮೇಲ್ಮೈ ಚಕ್ಕೆ ಏಳುತ್ತಿದ್ದರೆ, ರೀಪಿಗೆ ಸಿಕ್ಕಿಸುವ ಮೂಗು ಮುರಿದಿದ್ದರೆ ಅದನ್ನು ಮತ್ತೆ ಏರಿಸಬೇಡಿ. ಪಾಚಿ ಕಟ್ಟಿದ್ದು ದೋಷ ಅಲ್ಲ, ಉಜ್ಜಿದರೆ ಹೋಗುತ್ತದೆ. ಬದಲಿ ಹಂಚು ತರಲು ಹೋಗುವಾಗ ನಿಮ್ಮ ಮನೆಯ ಒಂದು ಹಂಚು ಕೈಯಲ್ಲಿರಲಿ. ಎಲ್ಲ ಕಾರ್ಖಾನೆಯ ಅಳತೆಯೂ ಒಂದೇ ಅಲ್ಲ, ಕೂದಲೆಳೆ ವ್ಯತ್ಯಾಸ ಇದ್ದರೂ ಕಚ್ಚು ಕೂರುವುದಿಲ್ಲ.

ಸೋರುವ ಜಾಗ ಹುಡುಕುವುದು ಬೇರೆಯೇ ಕೆಲಸ. ಹನಿ ಬಿದ್ದ ಜಾಗದ ನೇರ ಮೇಲಿನ ಹಂಚು ಬದಲಿಸಿದರೆ ಪ್ರಯೋಜನ ಇಲ್ಲದಿರಬಹುದು. ನೀರು ಮೇಲೆಲ್ಲೋ ಒಳಗೆ ಬಂದು ಪಕಾಸು ಹಿಡಿದು ಇಳಿದು, ಗಂಟೋ ಮೊಳೆಯೋ ಸಿಕ್ಕಿದಲ್ಲಿ ಹನಿಯುತ್ತದೆ. ಜೋರು ಮಳೆ ಇರುವಾಗಲೇ ಟಾರ್ಚು ಬಿಟ್ಟು ನೋಡಿ, ಮರಕ್ಕೆ ಚಾಕ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ಮೇ ತಿಂಗಳಲ್ಲಿ ಎಲ್ಲವೂ ಒಣಗಿರುವಾಗ ಹುಡುಕಿದರೆ ಏನೂ ತಿಳಿಯುವುದಿಲ್ಲ, ಜನ ಸಿಗುವುದೂ ಕಷ್ಟ. ಎರಡು ಮಾಡು ಸೇರುವ ಮೂಲೆಯ ತಗಡು ತುಕ್ಕು ಹಿಡಿದಿದೆಯಾ ಎಂದೂ ನೋಡಿ, ಎಷ್ಟೋ ಸಲ ಕಳ್ಳ ಅದೇ.

ಇಷ್ಟೆಲ್ಲ ನೋಡಿದ ಮೇಲೆ ನೆತ್ತಿ ಜೋತಿದೆ, ಪಕಾಸುಗಳಲ್ಲಿ ಮುಕ್ಕಾಲು ಪಾಲಿಗೆ ಸ್ಕ್ರೂಡ್ರೈವರ್ ಇಳಿಯುತ್ತಿದೆ ಎಂದಾದರೆ ಆಗ ಬಿಚ್ಚಲೇಬೇಕು. ಆಗಲೂ ನನಗೆ ಶೀಟ್ ಇಷ್ಟವಿಲ್ಲ. ಎಪ್ರಿಲ್ ಮಧ್ಯಾಹ್ನದ ಸೆಕೆ, ಆಷಾಢದ ಮಳೆಯ ಸದ್ದು ಎರಡನ್ನೂ ಸಹಿಸಬೇಕು. ಕಬ್ಬಿಣದ ಟ್ರಸ್ (ಮಾಡು ಹೊರುವ ಚೌಕಟ್ಟು) ಮಾಡಿಸಿ ಹಳೇ ಹಂಚನ್ನೇ ಹೊದೆಸಬಹುದು, ಈಗ ತುಂಬಾ ಜನ ಹಾಗೇ ಮಾಡುತ್ತಾರೆ. ಆದರೆ ವೆಲ್ಡಿಂಗಿನವರು ಕಬ್ಬಿಣ ಉಳಿಸಲು ಮಾಡಿನ ಇಳಿಜಾರು ಕಡಿಮೆ ಮಾಡಿಬಿಡುತ್ತಾರೆ, ಆಮೇಲೆ ಗಾಳಿಮಳೆಗೆ ನೀರು ಹಂಚಿನಡಿಗೆ ಹಿಂದಕ್ಕೆ ನುಗ್ಗುತ್ತದೆ. ಹಳೇ ಮಾಡಿನ ಇಳಿಜಾರನ್ನು ಬಿಚ್ಚುವ ಮೊದಲೇ ಅಳೆದು ಬರೆದಿಡಿ. ಪೈಪಿನ ರೀಪುಗಳ ನಡುವಿನ ಅಂತರವನ್ನೂ ಅವರ ಅಂದಾಜಿಗೆ ಬಿಡಬೇಡಿ. ಮೊದಲ ಎರಡು ಸಾಲಿಗೆ ನಿಮ್ಮದೇ ಹಂಚು ಇಟ್ಟು, ಕಚ್ಚು ಸರಿಯಾಗಿ ಕೂತಿದ್ದನ್ನು ಕಣ್ಣಾರೆ ನೋಡಿ, ಆಮೇಲೆ ಮುಂದಿನದಕ್ಕೆ ವೆಲ್ಡಿಂಗ್ ಮಾಡಲು ಹೇಳಿ.