ಅರಿಶಿನದ ಮೂರನೇ ಚುಕ್ಕೆ ಕೊನೆಗೂ ಬೇರೆ ಆಯ್ತು

ಬಂತು! ಸಿಲಿಕಾ ಪುಡಿ ತೆಳ್ಳಗೆ ಬಳಿದ ಪ್ಲೇಟಿನ ಮೇಲೆ ಒಂದರ ಕೆಳಗೊಂದು ಮೂರು ಹಳದಿ ಚುಕ್ಕೆ, ನಡುನಡುವೆ ಬೆಳ್ಳಗಿನ ಖಾಲಿ ಜಾಗ. ಪ್ಲೇಟಿನ ಬುಡದಲ್ಲಿ ಅರಿಶಿನದ ಬಣ್ಣದ ಒಂದು ಚುಕ್ಕೆ ಇಟ್ಟು, ತಳದಲ್ಲಿ ದ್ರಾವಕವಿರುವ ಜಾಡಿಯಲ್ಲಿ ನಿಲ್ಲಿಸಿದರೆ, ಮೇಲೇರುವ ದ್ರಾವಕ ಅದರೊಳಗಿನ ಬಣ್ಣಗಳನ್ನು ಬೇರೆಬೇರೆ ಎತ್ತರಕ್ಕೆ ಒಯ್ಯುತ್ತದೆ. ಇದಕ್ಕೇ ಕ್ರೊಮ್ಯಾಟೋಗ್ರಫಿ ಅನ್ನುವುದು. ಮೇಲಿನದು ಕರ್ಕ್ಯುಮಿನ್, ಅದರ ಕೆಳಗೆ ಡಿಮೆಥಾಕ್ಸಿ ಕರ್ಕ್ಯುಮಿನ್, ತೀರಾ ಕೆಳಗೆ ಬಿಸ್‌ಡಿಮೆಥಾಕ್ಸಿ ಕರ್ಕ್ಯುಮಿನ್. ಕೆಳಗಿನ ಎರಡನ್ನು ಇನ್ನು ಮುಂದೆ ಡಿಎಂಸಿ, ಬಿಡಿಎಂಸಿ ಎನ್ನುತ್ತೇನೆ. ಬೇಸಿಗೆಯಲ್ಲಿ ಚೆನ್ನಾಗಿಯೇ ಬೇರೆಯಾಗುತ್ತಿದ್ದ ಇವೆರಡೂ ಮಳೆ ಹಿಡಿದ ಮೇಲೆ ಒಂದಕ್ಕೊಂದು ಅಂಟಿಕೊಂಡು ಉದ್ದನೆಯ ಕಲೆಯಾಗಿ ಕೂತುಬಿಟ್ಟಿದ್ದವು.

ಪುಡಿಯನ್ನು ಹೆಕ್ಸೇನ್‌ನಲ್ಲಿ ತೊಳೆದು ಎಣ್ಣೆ ತೆಗೆಯುವುದು, ಆಮೇಲೆ ಅಸಿಟೋನ್‌ನಲ್ಲಿ ಬಣ್ಣ ಇಳಿಸುವುದು ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಡೋಣ.

ಸಿಲಿಕಾ ಪ್ಲೇಟೇ ಯಾಕೆ, ಕಾಗದ ಸಾಲದೇ? ಆ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಫಿಲ್ಟರ್ ಪೇಪರ್ ಮೇಲೆ ಸ್ಪಿರಿಟ್ ಬಿಟ್ಟರೆ ಮೂರೂ ಒಟ್ಟಿಗೆ ಮೇಲಿನ ಅಂಚಿಗೆ ಓಡುತ್ತವೆ. ಬರೀ ನೀರು ಬಿಟ್ಟರೆ ಒಂದೂ ಅಲುಗುವುದಿಲ್ಲ. ಇದಕ್ಕೆ ಕಾರಣ ಇದೆ. ಕಾಗದದ ನಾರಿನಲ್ಲಿ ಯಾವಾಗಲೂ ಸ್ವಲ್ಪ ನೀರು ಹಿಡಿದಿರುತ್ತದೆ. ಆ ನೀರಿಗೂ ಹರಿಯುವ ದ್ರಾವಕಕ್ಕೂ ನಡುವೆ ವಸ್ತು ಹಂಚಿಕೆಯಾಗುವುದೇ ಅಲ್ಲಿನ ಮುಖ್ಯ ಕೆಲಸ. ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಬಂದದ್ದು ಈ ಹಂಚಿಕೆಯ ವಿಧಾನಕ್ಕೇ. ಅಮೈನೋ ಆಮ್ಲಗಳಂಥ ನೀರಿನಲ್ಲಿ ಕರಗುವ ವಸ್ತುಗಳಿಗೆ ಕಾಗದ ಬಹಳ ಒಳ್ಳೆಯದು. ಅರಿಶಿನದ ಬಣ್ಣಕ್ಕೆ ನೀರು ಕಂಡರಾಗದು, ಹಾಗಾಗಿ ಇಲ್ಲಿ ಕಾಗದಕ್ಕೆ ಹಿಡಿತವೇ ಸಿಗುವುದಿಲ್ಲ.

ಸಿಲಿಕಾ ಹಾಗಲ್ಲ. ಅದರ ಮೈ ತುಂಬ ಹೈಡ್ರಾಕ್ಸಿಲ್ (OH) ಗುಂಪುಗಳಿವೆ. ಅವು ಎದುರಿಗೆ ಸಿಕ್ಕ ಫಿನಾಲ್ ಗುಂಪನ್ನು, ಅಂದರೆ ಬೆಂಜೀನ್ ಉಂಗುರಕ್ಕೆ ಅಂಟಿದ OH ಅನ್ನು, ಇಂಬಳದ ಹಾಗೆ ಕಚ್ಚಿಕೊಳ್ಳುತ್ತವೆ. ಕರ್ಕ್ಯುಮಿನ್‌ನ ಎರಡೂ ತುದಿಯಲ್ಲಿ ಫಿನಾಲ್ ಪಕ್ಕಕ್ಕೇ ಒಂದೊಂದು ಮೆಥಾಕ್ಸಿ (OCH₃) ಗುಂಪು ಇದೆ. ಫಿನಾಲ್ ಅರ್ಧ ಅದರ ಜೊತೆಗೇ ಕೈ ಹಿಡಿದುಕೊಂಡಿರುವುದರಿಂದ ಸಿಲಿಕಾಕ್ಕೆ ಸಿಗುವುದು ಕಡಿಮೆ. ಡಿಎಂಸಿಯಲ್ಲಿ ಒಂದು ಮೆಥಾಕ್ಸಿ ಇಲ್ಲ, ಬಿಡಿಎಂಸಿಯಲ್ಲಿ ಎರಡೂ ಇಲ್ಲ. ಅದಕ್ಕೇ ಅದು ಎಲ್ಲಕ್ಕಿಂತ ಕೆಳಗೆ ನಿಲ್ಲುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವ ದೂರವಾಗುತ್ತದೆ ಅನ್ನುವುದೇ ನನಗೆ ಈ ಹವ್ಯಾಸ ಹಿಡಿಸಿದ ಸಂಗತಿ.

ಈಗ ತಲೆ ತಿಂದ ಸಮಸ್ಯೆಗೆ ಬರೋಣ. ದ್ರಾವಕ ಅದೇ: ಡೈಕ್ಲೋರೋಮೀಥೇನ್ 98 ಭಾಗ, ಮೆಥನಾಲ್ 2 ಭಾಗ. ಪ್ಲೇಟೂ ಅದೇ ಅಲ್ಯೂಮಿನಿಯಂ ಹಾಳೆಯದು. ಆದರೆ ಜೂನ್ ಕಳೆದ ಮೇಲೆ ಚುಕ್ಕೆಗಳೆಲ್ಲ ಮೇಲಕ್ಕೆ ಹೋಗಿ ಗುಂಪು ಕಟ್ಟತೊಡಗಿದವು. ಮೆಥನಾಲ್ ಕಮ್ಮಿ ಮಾಡಿದರೆ ಕೆಳಗಿಳಿದವು ನಿಜ, ಆದರೆ ಬಾಲ ಬೆಳೆಸಿಕೊಂಡೇ ಇಳಿದವು.

ಮೊದಲು ನನ್ನ ಸಂಶಯ ಹೋದದ್ದು ಬಾಟಲಿಯ ಮೇಲೆ. ಈ ಸಲ ಡೈಕ್ಲೋರೋಮೀಥೇನ್ ಬೇರೆ ಅಂಗಡಿಯಿಂದ ಬಂದಿತ್ತು. ಅದು ಕೆಡದಿರಲಿ ಅಂತ ಕೆಲವರು ಅಮಿಲೀನ್ ಸೇರಿಸುತ್ತಾರೆ, ಕೆಲವರು ಎಥನಾಲ್. ನಾವು ಹಾಕುವ ಮೆಥನಾಲೇ 2 ಭಾಗ ಆದಾಗ, ಮೊದಲೇ ಒಳಗಿರುವ ಎಥನಾಲ್ ಲೆಕ್ಕ ತಪ್ಪಿಸಬಹುದು, ಅಲ್ವಾ? ಯಾವುದು ಹಾಕಿದ್ದೀರಿ ಅಂತ ಅಂಗಡಿಗೆ ಫೋನ್ ಮಾಡಿ ಕೇಳಿದರೆ, "ಪ್ಯೂರ್ ಇದೆ ಸಾರ್, ಏನೂ ಹಾಕಿಲ್ಲ" ಎಂಬ ಉತ್ತರ. ಲೇಬಲ್ಲಿನ ಸಣ್ಣಕ್ಷರದಲ್ಲಿ ಎಥನಾಲ್ ಅಂತ ಸ್ಪಷ್ಟವಾಗಿ ಬರೆದಿದೆ! ಮಾರುವವರು ತಮ್ಮ ಲೇಬಲ್ಲನ್ನಾದರೂ ಓದಬೇಕು. ಹಳೆ ಬಾಟಲಿಯ ತಳದಲ್ಲಿ ಉಳಿದಿದ್ದನ್ನು ಪಕ್ಕದಲ್ಲೇ ಇಟ್ಟು ನೋಡಿದೆ. ವ್ಯತ್ಯಾಸ ಸ್ವಲ್ಪ ಇತ್ತು, ಆದರೆ ಎರಡರಲ್ಲೂ ಅದೇ ಕಲೆ. ಅಂದರೆ ಕಾರಣ ಬಾಟಲಿ ಅಲ್ಲ.

ದಾರಿ ಸಿಕ್ಕಿದ್ದು ಒಂದು ಜೋಡಿ ಪ್ಲೇಟಿನಿಂದ. ಎರಡನ್ನೂ 110 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ ತೆಗೆದೆ. ಒಂದಕ್ಕೆ ತಕ್ಷಣ ಚುಕ್ಕೆ ಇಟ್ಟು ಜಾಡಿಗೆ ಇಳಿಸಿದೆ. ಇನ್ನೊಂದನ್ನು ಕಾಲು ಗಂಟೆ ಮೇಜಿನ ಮೇಲೆ ಬಿಟ್ಟು ಆಮೇಲೆ ಇಳಿಸಿದೆ. ಮೊದಲನೆಯದರಲ್ಲಿ ಡಿಎಂಸಿ, ಬಿಡಿಎಂಸಿ ನಡುವೆ ಬಿರುಕು ಬಿಟ್ಟಿತ್ತು. ಎರಡನೆಯದರಲ್ಲಿ ಮತ್ತೆ ಅದೇ ಕಲೆ. ಮಲೆನಾಡಿನ ಆಷಾಢದ ಗಾಳಿ ಗೊತ್ತಲ್ಲ, ಉಪ್ಪಿನ ಡಬ್ಬಿಯೇ ನೀರಾಗುತ್ತದೆ. ಕಾಯಿಸಿದ ಸಿಲಿಕಾ ನಿಮಿಷಗಳಲ್ಲೇ ಆ ತೇವ ಕುಡಿಯುತ್ತದೆ. ನೀರು ಕೂತ ಜಾಗದಲ್ಲಿ ಬಣ್ಣಕ್ಕೆ ಹಿಡಿತ ಇಲ್ಲ, ಚುಕ್ಕೆ ಜಾರಿ ಮೇಲಕ್ಕೆ ಹೋಗುತ್ತದೆ.

ಕಾಯಿಸಿ ಓಡೋಡಿ ಮಾಡುವುದು ಪರಿಹಾರವಲ್ಲ. ಪ್ರತಿ ಸಲ ತೇವ ಒಂದೇ ಸಮ ಇರಬೇಕು. ಅದಕ್ಕೆ ಬೇಕಾದದ್ದು ಮೆಗ್ನೀಸಿಯಂ ಕ್ಲೋರೈಡ್. ಇದನ್ನು ಸ್ವಲ್ಪ ನೀರಿನಲ್ಲಿ, ತಳದಲ್ಲಿ ಹರಳು ಉಳಿಯುವಷ್ಟು ಗಟ್ಟಿಯಾಗಿ ಕಲಸಿ ಮುಚ್ಚಿದ ಡಬ್ಬಿಯಲ್ಲಿಟ್ಟರೆ, ಒಳಗಿನ ಗಾಳಿಯ ತೇವ ಶೇ. 33ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಹೊರಗೆ ಮಳೆ ಇರಲಿ, ಬಿಸಿಲಿರಲಿ. ಅಗಲವಾದ ಸ್ಟೀಲ್ ಡಬ್ಬಿ ತೆಗೆದುಕೊಂಡೆ. ತಳದಲ್ಲಿ ಈ ಬಟ್ಟಲು, ಮೇಲೆ ಜಾಳಿಗೆ, ಜಾಳಿಗೆಯ ಮೇಲೆ ಪ್ಲೇಟ್. ಚುಕ್ಕೆ ಇಟ್ಟ ಮೇಲೆ ಪ್ಲೇಟನ್ನು ಮತ್ತೆ ಡಬ್ಬಿಯಲ್ಲಿಟ್ಟು ಅರ್ಧ ಗಂಟೆ ಬಿಟ್ಟೆ. ಆಮೇಲೆ ನೇರ ಜಾಡಿಗೆ. ಕರ್ಕ್ಯುಮಿನ್ ಸುಮಾರು ಅರ್ಧಕ್ಕೆ ನಿಂತಿತು, ಉಳಿದೆರಡು ಕೆಳಗೆ ಬೇರೆಬೇರೆಯಾಗಿ, ಗುಂಡಗೆ, ಬಾಲವಿಲ್ಲದೆ. 365 ನ್ಯಾನೋಮೀಟರ್‌ನ ನೇರಳಾತೀತ ಟಾರ್ಚ್ ಹಿಡಿದರೆ ಮೂರೂ ಹಸಿರು ಹಳದಿಯಾಗಿ ಹೊಳೆದವು.

ಖಾತ್ರಿಗೆ ಪ್ಲೇಟನ್ನು ಅಮೋನಿಯಾ ಹಬೆಗೆ ಹಿಡಿದೆ. ಆರತಿಗೆ ಅರಿಶಿನ ನೀರಿಗೆ ಸುಣ್ಣ ಹಾಕಿದಾಗ ಕೆಂಪಾಗುತ್ತದಲ್ಲ, ಅದೇ ಕೆಂಪು ಮೂರೂ ಚುಕ್ಕೆಯಲ್ಲಿ ಎದ್ದು ಬಂತು. ಹಬೆ ಆರುತ್ತಿದ್ದಂತೆ ನಿಧಾನಕ್ಕೆ ಹಳದಿಗೆ ಮರಳಿತು.

ಒಂದು ಮಾತು: ಡೈಕ್ಲೋರೋಮೀಥೇನ್ ಮನೆಯೊಳಗೆ ಬೇಡ. 40 ಡಿಗ್ರಿಗೇ ಕುದಿಯುತ್ತದೆ, ಮಾಮೂಲಿ ನೈಟ್ರೈಲ್ ಕೈಗವಸನ್ನು ಬೇಗ ದಾಟುತ್ತದೆ. ನಾನು ಮೂರು ಕಡೆ ತೆರೆದಿರುವ ಹಿತ್ತಿಲ ಮಾಡಿನಲ್ಲಿ ಮಾಡುತ್ತೇನೆ.

ನೇರಳೆ ಹಣ್ಣಿನ ಸಿಪ್ಪೆಯನ್ನೂ ಫ್ರೀಜರ್‌ನಲ್ಲಿ ಇಟ್ಟುಕೊಂಡಿದ್ದೇನೆ. ಅದರ ಬಣ್ಣ ಆಂಥೋಸಯನಿನ್, ನೀರಿಗೆ ಹತ್ತಿರದ್ದು. ಅಲ್ಲಿ ಕಾಗದವೇ ಗೆಲ್ಲಬೇಕು. ಬ್ಯುಟನಾಲ್, ಅಸಿಟಿಕ್ ಆಮ್ಲ, ನೀರು 4:1:5 ಬೆರೆಸಿ ಮೇಲಿನ ಪದರ ತೆಗೆದುಕೊಳ್ಳುವ ಹಳೆಯ ವಿಧಾನವನ್ನೇ ನೋಡುವ ಆಸೆ.

ಆದರೆ ಅದಕ್ಕಿಂತ ಮೊದಲು ಕಾಲಂ, ಅಂದರೆ ಸಿಲಿಕಾ ತುಂಬಿದ ಕೊಳವೆ. ರಷ್ಯಾದ ಸಸ್ಯವಿಜ್ಞಾನಿ ತ್ಸ್ವೆತ್ 1900ರ ದಶಕದ ಆರಂಭದಲ್ಲಿ ವಾರ್ಸಾದಲ್ಲಿ ಗಾಜಿನ ಕೊಳವೆಗೆ ಸೀಮೆಸುಣ್ಣದ ಪುಡಿ ತುಂಬಿ ಎಲೆಯ ಬಣ್ಣ ಬಿಡಿಸಿದ್ದು ಹೀಗೇ. ಪ್ಲೇಟ್ ಬರೀ ತೋರಿಸುತ್ತದೆ, ಕಾಲಂ ಕೈಗೆ ಕೊಡುತ್ತದೆ. ಬೇಕಾದ ಚುಕ್ಕೆ ಪ್ಲೇಟಿನಲ್ಲಿ ದ್ರಾವಕ ಏರಿದ ಎತ್ತರದ 0.35 ಪಾಲಿನ ಸುತ್ತ ನಿಲ್ಲುವ ದ್ರಾವಕ ಆರಿಸಿಕೊಳ್ಳಿ ಅಂತ 1978ರ ಫ್ಲ್ಯಾಶ್ ಕಾಲಂ (ಗಾಳಿಯ ಒತ್ತಡದಿಂದ ದ್ರಾವಕವನ್ನು ಬೇಗ ಇಳಿಸುವ ಕಾಲಂ) ಲೇಖನದಲ್ಲಿ ಸ್ಟಿಲ್ ಮತ್ತು ಜೊತೆಗಾರರು ಹೇಳಿದ್ದಾರೆ. ನನಗೆ ಬೇಕಿರುವುದು ಡಿಎಂಸಿ. ಮೆಥನಾಲ್ ಇನ್ನೊಂದು ಚೂರು ಹೊಂದಿಸಿದರೆ ಆ ಜಾಗಕ್ಕೆ ಬರುತ್ತದೆ. ಕಾಲಂಗೆ ಬೇಕಾದ 230–400 ಮೆಶ್ (ಜರಡಿಯ ಅಳತೆ) ನುಣುಪಿನ ಸಿಲಿಕಾ ಮಾತ್ರ ನನಗೆ ಸಿಕ್ಕ ಅಂಗಡಿಗಳಲ್ಲಿ ದೊಡ್ಡ ಪ್ಯಾಕಿನಲ್ಲೇ ಇದೆ. ಯಾರಾದರೂ ಅರ್ಧ ಕಿಲೋ ಹಂಚಿಕೊಳ್ಳುವವರಿದ್ದರೆ ಹೇಳಿ, ದುಡ್ಡು ನಾನು ಕೊಡುತ್ತೇನೆ.